ಬ್ರೇಕ್ ಒತ್ತಿದರೆ ಆರುವ ದೀಪ: ಹಳೆಯ ಕಾರಿನ ಬೆಳಕಿನ ದೋಷ ಹುಡುಕುವ ಬಗೆ

(ಹಳೆಯ ಕಾರುಗಳ ಮಾಲೀಕರು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ದೊಡ್ಡಪ್ಪನ ಅಂಬಾಸಿಡರ್ ಮಾರ್ಕ್ 2 ಕಾರಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಸಂಜೆ ಪಾರ್ಕ್ ಲೈಟ್ ಹಾಕಿದರೆ ಹಿಂಬದಿಯ ಎಡ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಬ್ರೇಕ್ ಒತ್ತಿದರೆ ಅದು ಇನ್ನಷ್ಟು ಬೆಳಗಬೇಕಲ್ಲವೆ? ಆರಿಹೋಗುತ್ತಿತ್ತು. ಕಾಲು ತೆಗೆದರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಹಗಲು ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಬಲಗಡೆಯದು ಝಗ್ಗನೆ ಬೆಳಗುತ್ತಿತ್ತು, ಎಡಗಡೆಯದು ಪಾರ್ಕ್ ಲೈಟಿನಷ್ಟೇ ಮಂದವಾಗಿ ಮಿಣುಕುತ್ತಿತ್ತು.

ಮೂರು ಜನ ನೋಡಿದರು. ಒಬ್ಬರು ಬಲ್ಬ್ ಬದಲಿಸಿದರು. ಇನ್ನೊಬ್ಬರು ಹೋಲ್ಡರ್ ಬದಲಿಸಿದರು. ಮೂರನೆಯವರು ಹಿಂದಿನಿಂದ ಮುಂದಿನವರೆಗೆ ಇಡೀ ವೈರಿಂಗ್ ಕಿಟ್ ಹೊಸದಾಗಿ ಹಾಕಬೇಕು ಎಂದರು. ನಾನಾಗ ಡಿಪ್ಲೊಮಾ ಓದುತ್ತಿದ್ದೆ. ಪಾರ್ಕ್ ಲೈಟ್ ಉರಿಯುತ್ತಿದೆ ಎಂದ ಮೇಲೆ ಅರ್ತ್ (ವಿದ್ಯುತ್ತು ಕಾರಿನ ಮೈಯ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ) ಸರಿಯಾಗಿಯೇ ಇರಬೇಕು ಎಂದು ವಾದಿಸಿದವರಲ್ಲಿ ನಾನೂ ಒಬ್ಬ. ಕೊನೆಗೆ ತೀರ್ಥಹಳ್ಳಿಯ ಕಡೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಒಂದು ಮಾರು ತಂತಿ ತೆಗೆದುಕೊಂಡು, ಒಂದು ತುದಿಯನ್ನು ಬಂಪರಿನ ಬರಿಯ ಬೋಲ್ಟಿಗೆ ಸುತ್ತಿ, ಇನ್ನೊಂದು ತುದಿಯನ್ನು ದೀಪದ ಲೋಹದ ತಳಕ್ಕೆ ಒತ್ತಿ ಹಿಡಿದರು. “ಬ್ರೇಕ್ ಒತ್ತಪ್ಪ” ಎಂದರು. ಎಡಗಡೆಯ ದೀಪ ಬಲಗಡೆಯದರಷ್ಟೇ ಜೋರಾಗಿ ಬೆಳಗಿತು. ಎರಡು ನಿಮಿಷದ ಕೆಲಸ.

ಅಕ್ಕನ ಮದುವೆಗೆ ಮುಂಚೆ ದೊಡ್ಡಪ್ಪ ಕಾರಿಗೆ ಬಣ್ಣ ಹೊಡೆಸಿದ್ದರು. ದೀಪ ಕೂರುವ ಜಾಗದಲ್ಲೂ, ಸ್ಕ್ರೂ ತೂತಿನ ಒಳಗೂ ಬಣ್ಣ ಇಳಿದಿತ್ತು. ಕಾರಿನ ಮೈಯನ್ನೇ ಮರಳುವ ತಂತಿಯಾಗಿ ನಂಬಿಕೊಂಡಿದ್ದ ದೀಪಕ್ಕೆ ಆ ಮೈಯ ಸಂಪರ್ಕವೇ ತಪ್ಪಿಹೋಗಿತ್ತು.

ಹಾಗಾದರೆ ಪಾರ್ಕ್ ಲೈಟ್ ಹೇಗೆ ಉರಿಯುತ್ತಿತ್ತು? ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸುತ್ತೇನೆ, ಏಕೆಂದರೆ ಇದು ಅರ್ಥವಾದರೆ ಹಳೆಯ ಕಾರಿನ ಬೆಳಕಿನ ದೋಷಗಳಲ್ಲಿ ಅರ್ಧ ಅರ್ಥವಾದಂತೆ. ಆ ಬಲ್ಬಿನಲ್ಲಿ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ಎಳೆಗಳು, ಇರುತ್ತವೆ. ಬ್ರೇಕಿಗೆ 21 ವ್ಯಾಟ್, ಪಾರ್ಕ್ ಲೈಟಿಗೆ 5 ವ್ಯಾಟ್. ಎರಡರ ಒಂದೊಂದು ತುದಿ ಬಲ್ಬಿನ ಹಿತ್ತಾಳೆಯ ಮೈಗೆ ಸೇರಿರುತ್ತದೆ. ಆ ಮೈ ಅರ್ತ್ ಆಗದಿದ್ದಾಗ ಪಾರ್ಕ್ ಲೈಟಿನ ವಿದ್ಯುತ್ತು 5 ವ್ಯಾಟಿನ ಫಿಲಮೆಂಟ್ ದಾಟಿ ಬರುತ್ತದೆ, ಮುಂದೆ ದಾರಿ ಇಲ್ಲ. ಆದರೆ ಪಕ್ಕದಲ್ಲೇ 21 ವ್ಯಾಟಿನ ಫಿಲಮೆಂಟ್ ಇದೆ. ಅದರ ಮೂಲಕ ಹಿಮ್ಮುಖವಾಗಿ ಹತ್ತಿ, ಬ್ರೇಕ್ ತಂತಿ ಹಿಡಿದು ಬಲಗಡೆಯ ಬ್ರೇಕ್ ಬಲ್ಬಿಗೆ ಹೋಗಿ, ಅಲ್ಲಿಯ ಅರ್ತಿನಲ್ಲಿ ಇಳಿದುಬಿಡುತ್ತದೆ. ತಣ್ಣಗಿರುವ ದಪ್ಪ ಫಿಲಮೆಂಟುಗಳ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಬಹಳ ಕಡಿಮೆ. ಆದ್ದರಿಂದ ಸಣ್ಣ ಫಿಲಮೆಂಟಿಗೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಸಿಕ್ಕು ಅದು ಸರಿಯಾಗಿಯೇ ಉರಿಯುತ್ತದೆ. ಈಗ ಬ್ರೇಕ್ ಒತ್ತಿ. ಬ್ರೇಕ್ ತಂತಿಗೂ 12 ವೋಲ್ಟ್ ಬಂತು, ಪಾರ್ಕ್ ತಂತಿಯಲ್ಲಿ ಮೊದಲೇ 12 ವೋಲ್ಟ್ ಇದೆ. ಎರಡೂ ಕಡೆ ಸಮಮಟ್ಟ. ಮಟ್ಟ ಸಮವಾದಲ್ಲಿ ಹರಿವಿಲ್ಲ, ದೀಪ ಆರಿತು.

ಆ ಹಿರಿಯರಿಗೆ ಈ ಲೆಕ್ಕವೆಲ್ಲ ಕಾಗದದ ಮೇಲೆ ಬರುತ್ತಿರಲಿಲ್ಲ. ಆದರೆ ದೀಪವೊಂದು ತನಗೆ ಹೇಳದ ಕೆಲಸ ಮಾಡುತ್ತಿದ್ದರೆ ಮೊದಲು ಅರ್ತ್ ನೋಡಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಮಿನುಗುವುದು, ಹೆಡ್‌ಲೈಟ್ ಹಾಕಿದರೆ ಇನ್ಯಾವುದೋ ದೀಪ ಮಂಕಾಗುವುದು, ಇವೆಲ್ಲ ಅದೇ ಕುಟುಂಬದ ಕಾಯಿಲೆಗಳು.

ನನ್ನ ಅಜ್ಜನ ಮನೆ ಇದ್ದದ್ದು ಕಾಲುವೆಯ ಕೊನೆಯಲ್ಲಿ. ತೂಬಿನ ಹತ್ತಿರದ ಗದ್ದೆಗೆ ಮೊಣಕಾಲುದ್ದ ನೀರು, ಕೊನೆಯ ಗದ್ದೆಗೆ ಬರುವ ಹೊತ್ತಿಗೆ ಬೊಗಸೆಯಷ್ಟು. ನಡುವೆ ಎಲ್ಲೋ ಹೂಳು, ಎಲ್ಲೋ ಬಿರುಕು, ಎಲ್ಲೋ ಕಳೆ. ಹಳೆಯ ಕಾರಿನ ಹೆಡ್‌ಲೈಟ್ ಆ ಕೊನೆಯ ಗದ್ದೆಯ ಹಾಗೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕಟೌಟ್ (ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ದಾಟಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಹೈ ಬೀಮ್ ಮತ್ತು ಡಿಪ್ (ದೂರದ ಮತ್ತು ತಗ್ಗಿದ ಬೆಳಕು) ಬದಲಿಸಲು ಕಾಲಿನಲ್ಲಿ ಒತ್ತುವ ಡಿಮ್ಮರ್ ಸ್ವಿಚ್ಚಿಗೆ ಇಳಿದು, ಮತ್ತೆ ಬಾನೆಟ್ಟಿನೊಳಗೆ ಹೋಗಿ, ಗುಂಡಿನಾಕಾರದ ಬುಲೆಟ್ ಕನೆಕ್ಟರುಗಳನ್ನು ದಾಟಿ ಬಲ್ಬಿಗೆ ಮುಟ್ಟಬೇಕು. ಕಾಲುವೆಯ ನೀರು ಗದ್ದೆ ಸೇರಿದರೆ ಅದರ ಪ್ರಯಾಣ ಮುಗಿಯಿತು. ವಿದ್ಯುತ್ತಿನದು ಮುಗಿಯುವುದಿಲ್ಲ. ಬಂದಷ್ಟೂ ಮರಳಿ ಬ್ಯಾಟರಿ ಸೇರಬೇಕು. ನಾವು ಹೋಗುವ ದಾರಿಯನ್ನು ಹತ್ತು ಸಲ ನೋಡುತ್ತೇವೆ, ಬರುವ ದಾರಿಯನ್ನು ಒಮ್ಮೆಯೂ ನೋಡುವುದಿಲ್ಲ.

ಒಂದು ಚಿಕ್ಕ ಲೆಕ್ಕ. 45 ವ್ಯಾಟಿನ ಹೆಡ್‌ಲೈಟ್ ಬಲ್ಬು ಉರಿಯುವಾಗ ಅದರ ರೋಧ ಸುಮಾರು 3.2 ಓಮ್. ದಾರಿಯಲ್ಲಿ ಕಿಲುಬು ಹಿಡಿದ ಎರಡು ಮೂರು ಸಂಪರ್ಕಗಳು ಸೇರಿ ಅರ್ಧ ಓಮ್ ಆದರೆ ಬಲ್ಬಿಗೆ ಸಿಗುವುದು 12ರ ಬದಲು 10.4 ವೋಲ್ಟ್. ಒಂದೂವರೆ ವೋಲ್ಟ್ ತಾನೆ ಎಂದು ಅನಿಸುತ್ತದೆ. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮವಾಗಿ ಇಳಿಯುವುದಿಲ್ಲ, ಬಹಳ ಕಡಿದಾಗಿ ಇಳಿಯುತ್ತದೆ. ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಶೇಕಡ 30 ಇಳಿಯುತ್ತದೆ. 10.4 ವೋಲ್ಟಿನಲ್ಲಿ ನಿಮಗೆ ಉಳಿಯುವುದು ಸುಮಾರು ಶೇಕಡ 60ರಷ್ಟು ಬೆಳಕು. ಬಣ್ಣವೂ ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಆ ಬೆಳಕಿನಲ್ಲಿ ಇಳಿದವರಿಗೆ ಶೇಕಡ 60 ಎಂದರೇನು ಎಂದು ನಾನು ವಿವರಿಸಬೇಕಾಗಿಲ್ಲ.

ಈಗ ಮೇಜಿನ ಮೇಲೆ ನೋಡಿ. ಒಂದು ಬ್ಯಾಟರಿ, ಒಂದು ಹೆಡ್‌ಲೈಟ್ ಬಲ್ಬು, ನಡುವೆ ಹಳೆಯ ಕಾರಿನಿಂದ ಬಿಚ್ಚಿದ ತುಕ್ಕು ಹಿಡಿದ ಬೋಲ್ಟು. ಬಲ್ಬ್ ತೆಗೆದು ಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತಿದೆ. ಬಲ್ಬ್ ಹಾಕುತ್ತೇನೆ. ಉರಿಯಲಿಲ್ಲ. ಈಗ ಅದೇ ಜಾಗದಲ್ಲಿ ಮೀಟರ್ 3 ವೋಲ್ಟ್ ತೋರಿಸುತ್ತಿದೆ. ಮೀಟರ್ ಸುಳ್ಳು ಹೇಳಲಿಲ್ಲ, ನಾವು ತಪ್ಪು ಹೊತ್ತಿನಲ್ಲಿ ಕೇಳಿದೆವು. ಡಿಜಿಟಲ್ ಮೀಟರ್ ಕುಡಿಯುವ ವಿದ್ಯುತ್ತು ಇಬ್ಬನಿಯ ಹನಿಯಷ್ಟು. ಅಷ್ಟು ಮಾತ್ರ ಎಂಥ ತುಕ್ಕಿನ ಮೂಲಕವೂ ಜಿನುಗುತ್ತದೆ. 45 ವ್ಯಾಟ್ ಎಳೆಯುವಾಗ ಮಾತ್ರ ದಾರಿಯ ಯೋಗ್ಯತೆ ಗೊತ್ತಾಗುತ್ತದೆ. ಆದ್ದರಿಂದ ದೀಪ ಹಾಕಿಯೇ ಅಳೆಯಬೇಕು. ಹಳಬರು ಬಳಸುವ ಟೆಸ್ಟ್ ಲ್ಯಾಂಪ್ (ಎರಡು ತಂತಿ ಜೋಡಿಸಿದ ಪುಟ್ಟ ಬಲ್ಬು) ಈ ವಿಷಯದಲ್ಲಿ ದುಬಾರಿ ಮೀಟರಿಗಿಂತ ಮೇಲು, ಏಕೆಂದರೆ ಅದು ತಾನೇ ಸ್ವಲ್ಪ ವಿದ್ಯುತ್ತು ಎಳೆದು ಕೇಳುತ್ತದೆ.

ಅಳೆಯುವ ಕ್ರಮ ಹೀಗೆ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಡಿ. ದೀಪ ಉರಿಯುತ್ತಿರಲಿ. ಒಂದು ಕಡ್ಡಿಯನ್ನು ಬ್ಯಾಟರಿಯ ಲೈವ್ ಕಂಬದ (ಕಾರಿನ ಮೈಗೆ ಸೇರದ ಕಂಬ) ಮೇಲೆ, ಇನ್ನೊಂದನ್ನು ಬಲ್ಬಿಗೆ ವಿದ್ಯುತ್ತು ಬರುವ ತುದಿಯ ಮೇಲೆ. ಅಲ್ಲಿ ಕಾಣುವ ಸಂಖ್ಯೆಯೇ ಹೋಗುವ ದಾರಿಯಲ್ಲಿ ಸೋರಿಹೋದದ್ದು. ಮತ್ತೆ ಬಲ್ಬಿನ ಅರ್ತ್ ತುದಿಯಿಂದ ಬ್ಯಾಟರಿಯ ಅರ್ತ್ ಕಂಬಕ್ಕೆ. ಅದು ಬರುವ ದಾರಿಯ ಸೋರಿಕೆ. ಎರಡೂ ಸೇರಿ ಅರ್ಧ ವೋಲ್ಟಿನೊಳಗೆ ಇದ್ದರೆ ನೆಮ್ಮದಿಯಿಂದ ಬಾನೆಟ್ ಮುಚ್ಚಿ. ಒಂದೊಂದು ಸಂಪರ್ಕಕ್ಕೆ 0.1 ವೋಲ್ಟಿಗಿಂತ ಹೆಚ್ಚು ಬಿಟ್ಟುಕೊಡಬೇಡಿ. ಹೆಚ್ಚು ಕಂಡರೆ ದಾರಿಯ ನಡುಮಧ್ಯಕ್ಕೆ, ಅಂದರೆ ಡಿಮ್ಮರ್ ಸ್ವಿಚ್ಚಿಗೆ, ಹೋಗಿ ನೋಡಿ. ದೋಷ ಅದರ ಆಚೆಯೋ ಈಚೆಯೋ ತಿಳಿಯುತ್ತದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕನೆಯ ಸಲಕ್ಕೆ ನಿಮ್ಮ ಬೆರಳು ಕೆಟ್ಟ ಸಂಪರ್ಕದ ಮೇಲೇ ಇರುತ್ತದೆ.

ದೊಡ್ಡಪ್ಪನ ಕಾರನ್ನೇ ವರ್ಷಗಳ ನಂತರ ನಾನು ಹೀಗೆ ಅಳೆದೆ. ಬ್ಯಾಟರಿಯಲ್ಲಿ 12.3, ಬಲ್ಬಿನಲ್ಲಿ 9.8. ಎರಡೂವರೆ ವೋಲ್ಟ್ ಎಲ್ಲಿ ಹೋಯಿತು? ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ 0.9. ಡಿಮ್ಮರ್ ಸ್ವಿಚ್ಚಿನಲ್ಲಿ 0.6. ಬುಲೆಟ್ ಕನೆಕ್ಟರಿನಲ್ಲಿ 0.2. ಹೆಡ್‌ಲೈಟಿನ ಅರ್ತಿನಲ್ಲಿ 0.8. ಬೆಳಕು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಡಿಮ್ಮರ್ ಸ್ವಿಚ್ ನೆಲದ ಮೇಲಿರುತ್ತದೆ, ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರೆಲ್ಲ ಅದಕ್ಕೇ. ಅದನ್ನು ಬಿಚ್ಚಿದಾಗ ಒಳಗೆ ಹಸಿರು ಕಿಲುಬು, ಜೊತೆಗೆ ಒಂದಿಷ್ಟು ಕೆಂಪು ಮಣ್ಣು. ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು ಹಚ್ಚಿದ ಹಾಗೆ ಇದಕ್ಕೂ ಹುಳಿ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹುಳಿ ತಂತಿಯ ಎಳೆಗಳ ನಡುವೆ ಉಳಿದು ವರ್ಷದೊಳಗೆ ಇನ್ನೂ ಹೆಚ್ಚು ತಿನ್ನುತ್ತದೆ. ನುಣುಪಾದ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಒರೆಸಿ, ಬಿಗಿಯಾಗಿ ಜೋಡಿಸಿ, ಆಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಅರ್ತ್ ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆಯಲು ಹಿಂಜರಿಯಬೇಡಿ. ಬಿಲ್ಲೆಯಗಲ ಬಣ್ಣ ಹೋದರೆ ಕಾರಿನ ಅಂದ ಕೆಡುವುದಿಲ್ಲ.

ಇಷ್ಟೆಲ್ಲ ಮಾಡಿ ಬಲ್ಬಿನಲ್ಲಿ ಪೂರ್ತಿ ವೋಲ್ಟೇಜ್ ಸಿಕ್ಕಿಯೂ ರಸ್ತೆ ಕತ್ತಲಾಗಿದ್ದರೆ ಡೂಮ್, ಅಂದರೆ ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲು, ನೋಡಿ. ಅದರ ಬೆಳ್ಳಿಯ ಲೇಪ ಕಪ್ಪಾಗಿದ್ದರೆ ಯಾವ ತಂತಿಯೂ ನಿಮ್ಮನ್ನು ಕಾಪಾಡುವುದಿಲ್ಲ.

ಇಂಥ ಕಾರುಗಳ ದೀಪ, ಸ್ವಿಚ್ಚುಗಳನ್ನು ಮಾಡಿದ ಲೂಕಾಸ್ ಕಂಪನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ರಿಟಿಷ್ ಕಾರುಗಳ ಪ್ರಿಯರು ಅದನ್ನು ಕತ್ತಲೆಯ ರಾಜಕುಮಾರ ಎಂದು ಹಂಗಿಸುವುದು ವಾಡಿಕೆ. ನನಗೆ ಅದು ಅನ್ಯಾಯ ಎನಿಸುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಜೋಸೆಫ್ ಲೂಕಾಸ್ ಎಂಬಾತ ಎಣ್ಣೆ ದೀಪ ಮಾರುತ್ತ, ಸೈಕಲ್ ದೀಪ ಮಾಡುತ್ತ ಕಟ್ಟಿದ ಸಂಸ್ಥೆ ಅದು. 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್ ಟಿವಿಎಸ್ ಹುಟ್ಟಿತು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ ಬಂದದ್ದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. 50 ವರ್ಷ ಮಳೆ ಬಿಸಿಲು ಕಂಡ ಹಿತ್ತಾಳೆಯ ಸಂಪರ್ಕಕ್ಕೆ ಕಿಲುಬು ಹಿಡಿದರೆ ಅದು ಮಾಡಿದವನ ತಪ್ಪಲ್ಲ, ಒಮ್ಮೆಯೂ ಬಿಚ್ಚಿ ಒರೆಸದ ನಮ್ಮದು.

ಆ ಸಂಸ್ಥೆ ನಮಗೆ ಬಿಟ್ಟುಹೋದ ಒಂದು ದೊಡ್ಡ ಉಪಕಾರ ತಂತಿಯ ಬಣ್ಣಗಳ ಭಾಷೆ. ಆ ವಂಶದ ಕಾರುಗಳಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಫ್ಯೂಸ್ ಇಲ್ಲದ್ದು. ಬಿಳಿ ಎಂದರೆ ಇಗ್ನಿಷನ್ ಕೀಲಿ ತಿರುಗಿಸಿದ ಮೇಲೆ ಬರುವುದು. ಹಸಿರು ಎಂದರೆ ಆ ಇಗ್ನಿಷನ್ ವಿದ್ಯುತ್ತೇ ಫ್ಯೂಸ್ ದಾಟಿ ಬಂದದ್ದು. ಕೆಂಪು ಪಾರ್ಕ್ ಲೈಟಿಗೆ. ನೀಲಿ ಹೆಡ್‌ಲೈಟಿಗೆ, ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಹೈ ಬೀಮ್, ಕೆಂಪು ಗೆರೆ ಇದ್ದರೆ ಡಿಪ್. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ ಇಂಡಿಕೇಟರ್, ನೇರಳೆ ಗೆರೆ ಬ್ರೇಕ್. ಕಪ್ಪು ಅರ್ತ್. ಹಳೆಯ ತಂತಿಯಲ್ಲಿ ಕೆಂಪು, ಕಂದು, ಕಪ್ಪು ಎಲ್ಲ ಒಂದೇ ಮಾಸಲು ಬಣ್ಣಕ್ಕೆ ಬಂದಿರುತ್ತವೆ. ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿ ನೋಡಿ. ಬೆಳಕು ಬೀಳದ ಜಾಗದಲ್ಲಿ ಮೂಲ ಬಣ್ಣ ಇನ್ನೂ ಜೀವಂತ ಇರುತ್ತದೆ. ಆ ಬಣ್ಣ ನೋಡಿದಾಗಲೆಲ್ಲ ನನಗೆ ಹಳೆಯ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸಂತೋಷವಾಗುತ್ತದೆ. ಆದರೆ ನಡುವೆ ಯಾರೋ ಕೈಗೆ ಸಿಕ್ಕ ತಂತಿ ಸೇರಿಸಿ ಟೇಪ್ ಸುತ್ತಿದ್ದರೆ ಬಣ್ಣವನ್ನು ನಂಬಬೇಡಿ, ಟೆಸ್ಟ್ ಲ್ಯಾಂಪನ್ನು ನಂಬಿ. ನೀವು ಸೇರಿಸುವಾಗ ಮಾತ್ರ ಅದೇ ಬಣ್ಣದ ತಂತಿ ತಂದು ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಣ್ಣದ ತಂತಿಗೆ ಬರವಿಲ್ಲ. ಮುಂದೆ ಆ ಕಾರಿನ ಕೆಳಗೆ ಮಲಗುವವನಿಗೆ ನೀವು ಬರೆದಿಟ್ಟ ಚೀಟಿ ಅದು.

ಫ್ಯೂಸ್ ಸುಟ್ಟುಹೋಗುತ್ತಲೇ ಇದ್ದರೆ ಏನು ಮಾಡಬೇಕು? ಮೊದಲನೆಯದಾಗಿ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹಾಕಬಾರದು. ಹೀಗೆ ಮಾಡಿ ಡ್ಯಾಶ್‌ಬೋರ್ಡ್ ಸುಟ್ಟುಕೊಂಡ ಕಾರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫ್ಯೂಸಿನ ಜಾಗದಲ್ಲಿ ಎರಡು ತಂತಿ ಜೋಡಿಸಿದ 21 ವ್ಯಾಟಿನ ಬಲ್ಬ್ ಹಾಕಿ. ಶಾರ್ಟ್ ಇದ್ದರೆ, ಅಂದರೆ ವಿದ್ಯುತ್ತು ದೀಪ ತಲುಪುವ ಮುಂಚೆಯೇ ಕಾರಿನ ಮೈಗೆ ಇಳಿಯುತ್ತಿದ್ದರೆ, ಆ ಬಲ್ಬ್ ಪೂರ್ತಿ ಬೆಳಗುತ್ತದೆ. ಎಷ್ಟೇ ಶಾರ್ಟ್ ಆದರೂ ಅದು ಎರಡು ಆಂಪಿಯರಿನೊಳಗೆ ಹಿಡಿದಿಡುವುದರಿಂದ ಏನೂ ಸುಡುವುದಿಲ್ಲ. ಈಗ ನಿಶ್ಚಿಂತೆಯಿಂದ ವೈರಿಂಗ್ ಕಿಟ್ಟನ್ನು ಒಂದು ಕಡೆಯಿಂದ ಅಲುಗಾಡಿಸುತ್ತ ಬನ್ನಿ. ತಂತಿ ತಗಡಿನ ತೂತು ದಾಟುವ ಕಡೆಗಳಲ್ಲಿ, ಡಿಕ್ಕಿಯ ಬಾಗಿಲಿನ ಕೀಲುಗಳಲ್ಲಿ ಹೆಚ್ಚು ಗಮನವಿಡಿ. ಎಲ್ಲಿ ಕೈಯಿಟ್ಟಾಗ ಬಲ್ಬ್ ಮಂಕಾಗುತ್ತದೋ ಅಲ್ಲೇ ತಂತಿ ಸವೆದು ತಗಡಿಗೆ ತಾಗುತ್ತಿದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಸುಂದರವಾದ ಉಪಾಯ ನನಗೆ ಗೊತ್ತಿಲ್ಲ.

ಫ್ಯೂಸಿನ ಅಂಕಿಯಲ್ಲೂ ಒಂದು ಬಲೆ ಇದೆ. ಮಾರಿಸ್ ಮೈನರ್ ಕಾರಿನಲ್ಲಿ ಎರಡೇ ಫ್ಯೂಸ್, ತಲಾ 35 ಆಂಪಿಯರ್. ಹಳೆಯ ಲೂಕಾಸ್ ಗಾಜಿನ ಫ್ಯೂಸಿನ ಮೇಲೆ ಬರೆದ 35 ಅದು ಕರಗುವ ಅಂಕಿ. ನಿರಂತರವಾಗಿ ಹೊರುವುದು ಅದರ ಅರ್ಧದಷ್ಟನ್ನು ಮಾತ್ರ. ಇಂದಿನ ಬೇರೆ ಬಗೆಯ ಫ್ಯೂಸುಗಳಲ್ಲಿ ಬರೆದಿರುವುದು ಹೊರುವ ಅಂಕಿ. ಅಂಕಿ ಒಂದೇ ಎಂದು ಹಾಕಿದರೆ ಫ್ಯೂಸಿಗಿಂತ ಮುಂಚೆ ತಂತಿ ಕರಗುತ್ತದೆ. ಇನ್ನೊಂದು ಮಾತು: ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ಇಂಥ ಕಾರಿಗೆ 100 ವ್ಯಾಟಿನ ಬಲ್ಬ್ ಹಾಕಿಸಿಕೊಂಡು ಬರುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಎರಡು ಬಲ್ಬ್ ಸೇರಿ 16 ಆಂಪಿಯರ್ ದಾಟುತ್ತದೆ, ಆ ಹಳೆಯ ಸ್ವಿಚ್ಚಿನ ಪುಟ್ಟ ಬಿಲ್ಲೆಯ ಮೂಲಕ. ಹೆಚ್ಚು ಬೆಳಕು ಬೇಕಿದ್ದರೆ ಹೈ ಬೀಮಿಗೊಂದು, ಡಿಪ್ಪಿಗೊಂದು ರಿಲೇ (ಸಣ್ಣ ವಿದ್ಯುತ್ತಿನ ಅಪ್ಪಣೆಗೆ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್) ಹಾಕಿ. ಅದರ ಕಾಲುಗಳಿಗೆ ಅಂಕಿಗಳಿರುತ್ತವೆ: ಹಳೆಯ ತಂತಿ 86ಕ್ಕೆ, 85 ಅರ್ತಿಗೆ, ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ತಂತಿ 30ಕ್ಕೆ, 87ರಿಂದ ಬಲ್ಬಿಗೆ. ಸ್ವಿಚ್ಚಿಗೆ ಅಪ್ಪಣೆ ಕೊಡುವ ಕೆಲಸ ಮಾತ್ರ ಉಳಿಯುತ್ತದೆ, ಹೊರುವ ಕೆಲಸ ರಿಲೇಗೆ. ಮೂಲ ತಂತಿಯೊಂದನ್ನೂ ಕತ್ತರಿಸದೆ ಇದನ್ನು ಮಾಡಬಹುದು.

ಡೈನಮೋ (ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಬಗೆಯ ಯಂತ್ರ) ಇರುವ ಕಾರಿನವರಿಗೆ ಒಂದು ಸಮಾಧಾನ. ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂಕಾಗಿ, ಎಂಜಿನ್ ಏರಿದಾಗ ಬೆಳಗುವುದು ದೋಷವಲ್ಲ. ನಿಧಾನ ಓಟದಲ್ಲಿ ಡೈನಮೋ ಚಾರ್ಜ್ ಕೊಡುವುದೇ ಇಲ್ಲ. ಆದರೆ ವೇಗ ಹೆಚ್ಚಿದಾಗ ದೀಪಗಳು ಕಣ್ಣು ಕುಕ್ಕುವಂತೆ ಬೆಳಗಿ ಬಲ್ಬುಗಳು ಮೇಲಿಂದ ಮೇಲೆ ಸುಟ್ಟುಹೋದರೆ ಕಟೌಟ್ ಪೆಟ್ಟಿಗೆಯೊಳಗಿನ ರೆಗ್ಯುಲೇಟರ್ ನೋಡಬೇಕು.

ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿರುವ ಮಹಿಳೆಯೊಬ್ಬರು, ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಮಿನುಗುತ್ತಿಲ್ಲ ಎಂದರು. ಮೇಡಂ, ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲ್ಯಾಷರ್ ಬಿಸಿಯಾಗಿ ತಣ್ಣಗಾಗಿ ಕೆಲಸ ಮಾಡುತ್ತದೆ. ಬಿಸಿಯಾಗಲು ಅದಕ್ಕೆ 21 ವ್ಯಾಟಿನ ಎರಡು ಬಲ್ಬುಗಳ ವಿದ್ಯುತ್ತು ಬೇಕು, ಎಲ್‌ಇಡಿ ಅಷ್ಟು ಎಳೆಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿ, ಇಲ್ಲವೇ ಹಳೆಯ ಬಲ್ಬಿಗೇ ಮರಳಿ. ನಿಮ್ಮ ಪದ್ಮಿನಿಯ ಫ್ಯೂಸುಗಳು ಬಿಳಿ ಪಿಂಗಾಣಿಯವು. ತಿಂಗಳಿಗೊಮ್ಮೆ ಅವನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ. ತುದಿಯ ಕಿಲುಬು ಅಷ್ಟಕ್ಕೇ ಉದುರುತ್ತದೆ.

ಇಡೀ ವೈರಿಂಗ್ ಕಿಟ್ ಯಾವಾಗ ಬದಲಿಸಬೇಕು ಎಂದು ಇನ್ನೊಬ್ಬರು ಕೇಳಿದರು. ತಂತಿಯನ್ನು ಬಾಗಿಸಿದಾಗ ಹೊದಿಕೆ ಬಿಸ್ಕತ್ತಿನ ಹಾಗೆ ಮುರಿದರೆ, ಅಥವಾ ಒಳಗಿನ ತಾಮ್ರ ಒಂದು ಗೇಣಿನವರೆಗೂ ಕಪ್ಪಾಗಿದ್ದರೆ ಬದಲಿಸಿ. ಅದಕ್ಕೆ ಮುಂಚೆ ಬೇಡ.

ವಿದ್ಯಾರ್ಥಿಯೊಬ್ಬ ಎಚ್ಚರಿಕೆಯ ಬಗ್ಗೆ ಕೇಳಿದ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕುವ ಮುಂಚೆ ಉಂಗುರ, ಕಡಗ, ಕೈಗಡಿಯಾರ ತೆಗೆದಿಡು. ಅಳೆಯುವ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತಿನಲ್ಲಿ ಬ್ಯಾಟರಿಯ ಅರ್ತ್ ತಂತಿ ಬಿಚ್ಚಿರಲಿ. 1950ರ ದಶಕದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಕಂಬವೇ ಅರ್ತ್, ಆದ್ದರಿಂದ ಬಿಚ್ಚುವ ಮುಂಚೆ ಯಾವುದು ಮೈಗೆ ಹೋಗಿದೆ ಎಂದು ಕಣ್ಣಿಟ್ಟು ನೋಡು.

ಹೊರಗೆ ಅಂಗಳದಲ್ಲಿ ದೊಡ್ಡಪ್ಪನ ಕಾರನ್ನೇ ನಿಲ್ಲಿಸಿದ್ದೆ. ಬಲಗಡೆಯ ಹೆಡ್‌ಲೈಟಿಗೆ ಬೇಕೆಂದೇ ಒಂದು ದೋಷ ಇಟ್ಟಿದ್ದೆ. ಮೀಟರ್ ಇದ್ದವರು ಬನ್ನಿ ಎಂದು ಕರೆದೆ. ಆರೇಳು ಜನ ಬಂದರು. ಮೊದಲು ಎಲ್ಲರೂ ಬಲ್ಬಿನ ಹತ್ತಿರವೇ ಗುಂಪುಗೂಡಿದರು. ಮಾತಾಡದೆ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ದೀಪ ಹಾಕಲು ಹೇಳಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬದ ಮೇಲಿಟ್ಟು, ಇನ್ನೊಂದನ್ನು ಹೆಡ್‌ಲೈಟಿನ ಕಪ್ಪು ತಂತಿಗೆ ಮುಟ್ಟಿಸಿದಳು. “1.8 ಇದೆ ಸರ್” ಎಂದಳು. ಬೋಲ್ಟ್ ಬಿಚ್ಚಿದಾಗ ನಾನು ತಂತಿಯ ಕೆಳಗೆ ಇಟ್ಟಿದ್ದ ತುಕ್ಕು ಹಿಡಿದ ವಾಷರ್ ಅವಳ ಅಂಗೈಗೆ ಬಿತ್ತು.